ಸಂಕ್ರಾಂತಿಗೆ ಮುಂಚಿನ ಗುರುವಾರ

ಅಮ್ಮನಿಗೆ ಟಿ.ವಿ. ಹುಚ್ಚು ಹಿಡಿದಿದೆ ಎಂದು ಆ ಚಳಿಗಾಲ ಪೂರ್ತಿ ನಾನು ನಂಬಿಕೊಂಡಿದ್ದೆ. ನಂಬಿದ್ದಷ್ಟೇ ಅಲ್ಲ, ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಇದ್ದೆ. ನನ್ನ ನಾಲಿಗೆ ಆಗಲೂ ಹೀಗೇ ಇತ್ತು. ಮೊದಲು ಆಡಿಬಿಡುವುದು, ಆಮೇಲೆ ಮೈ ಪರಚಿಕೊಳ್ಳುವುದು.

ಎಂಬತ್ತರ ದಶಕದ ನಡುಭಾಗ. ಯಶವಂತಪುರದಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಿಂತ ಒಂದು ಸಾಲಿನಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ತುಮಕೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನಾನು ಮದುವೆಯಾದ ಒಂದೂವರೆ ವರ್ಷಕ್ಕೆ ಆರ್.ಟಿ. ನಗರದ ಗಂಡನ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದುಕೊಂಡು ವಾಪಸ್ ಬಂದು ಕೂತಿದ್ದೆ. ಬೀದಿಯವರಿಗೆಲ್ಲ ಅಪ್ಪ, ‘ಅಳಿಯಂದಿರು ಟ್ರೇನಿಂಗಿಗೆ ಹೈದರಾಬಾದಿಗೆ ಹೋಗಿದಾರೆ’ ಎಂದು ಹೇಳಿದ್ದರು. ನಿಜ ಬೇರೆಯಿತ್ತು. ನನ್ನ ಗಂಡ ಆಫೀಸಿಗೆ ಹೊರಡುವಾಗ ನನ್ನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಯಾಕೆ ಎಂದು ಕೇಳಿದ ದಿನ ಕೈ ಎತ್ತುತ್ತಿದ್ದ. ಒಂದು ದಿನ ಅವಸರದಲ್ಲಿ ಬೀಗ ಮರೆತ. ನಾನು ಬಸ್ಸು ಹತ್ತಿದೆ.

ನವೆಂಬರ್ ಕೊನೆಯಲ್ಲಿ ನನ್ನ ಭಾವ, ಅಂದರೆ ಗಂಡನ ಅಣ್ಣ, ಮಾತುಕತೆಗೆ ಬಂದರು. ಚಕ್ಕುಲಿ ತಿಂದರು, ಕಾಫಿ ಕುಡಿದರು. ‘ಆಗಿದ್ದಾಯ್ತು, ಹುಡುಗ ತಪ್ಪು ಒಪ್ಕೊಂಡಿದಾನೆ. ಕರ್ಕೊಂಡ್ ಹೋಗ್ತೀವಿ. ಆದ್ರೆ ನೋಡಿ, ವಿಷಯ ಬೀದಿಗೆ ಬೀಳಬಾರ್ದು’ ಎಂದರು. ಅಪ್ಪ ತಲೆಯಾಡಿಸಿದರು. ಇನ್ನೇನು ಧನುರ್ಮಾಸ ಬರುತ್ತದೆ, ಆ ತಿಂಗಳಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಎಂದು ತೀರ್ಮಾನವಾಯಿತು. ನನ್ನನ್ನೂ ಕೇಳಿದರು. ನಾನು ಹೂಂ ಎಂದೆ. ಇಷ್ಟವಿತ್ತೇ? ಸುಡುಗಾಡು ಇಷ್ಟ. ಆದರೆ ತವರಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಂದಕ್ಷರ ಆಡಲಿಲ್ಲ. ಇವಳಿಗೂ ನಾನು ಬೇಡವಾದೆ ಎಂದುಕೊಂಡೆ.

ಅಮ್ಮ ಆಡದೇ ಇದ್ದದ್ದು ಹೊಸದೇನಲ್ಲ. ಅಪ್ಪನ ಮಾತಿಗೆ ಎದುರಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಪ್ಪ ಕೆಟ್ಟವರಲ್ಲ, ಕೈ ಮಾಡಿದವರಲ್ಲ. ಆದರೆ ಅವರೊಂದು ಸಲ ತೀರ್ಮಾನ ಮಾಡಿದರೆ ಅದು ಕಾರ್ಖಾನೆಯ ಸೈರನ್ ಇದ್ದ ಹಾಗೆ. ಆಮೇಲೆ ಯಾರೂ ಮಾತಾಡುವುದಿಲ್ಲ.

ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಎದುರು ಮನೆಯಲ್ಲಿ. ಆ ಮನೆಯಾಕೆ ಸ್ಕೂಲ್ ಟೀಚರ್. ಭಾವ ಬಂದುಹೋದ ಮುಂದಿನ ವಾರ ಆಕೆ ಬೀದಿಯ ಎಂಟು ಜನ ಹೆಂಗಸರನ್ನು ಟಿ.ವಿ. ಕೇಂದ್ರಕ್ಕೆ ಹೊರಡಿಸಿದರು. ಮಹಿಳೆಯರ ಚರ್ಚಾ ಕಾರ್ಯಕ್ರಮವೊಂದರ ರೆಕಾರ್ಡಿಂಗು, ಎದುರಿಗೆ ಕೂರಲು ಜನ ಬೇಕಿತ್ತು. ಅಮ್ಮನೂ ಹೋಗುತ್ತೇನೆ ಎಂದಳು. ತನ್ನ ಮದುವೆಯ ಹಸಿರು ಸೀರೆ ಉಟ್ಟು, ಕನಕಾಂಬರ ಮುಡಿದು ಹೋದಳು. ಸಂಜೆ ಬಂದಾಗ ಕಣ್ಣು ಹೊಳೆಯುತ್ತಿತ್ತು.

‘ಹೆಂಗಿತ್ತು?’ ಎಂದೆ.

‘ಲೈಟು ಜಾಸ್ತಿ ಕಣೇ. ನಾನೂ ಎರಡು ಮಾತು ಆಡ್ದೆ.’

‘ನೀನಾ? ಏನಂತ?’

‘ಬರುತ್ತಲ್ಲ, ನೋಡೀವಂತೆ.’

‘ಚರ್ಚೆ ಯಾವುದರ ಬಗ್ಗೆ?’

ಅಮ್ಮ ಸೆರಗು ಮಡಿಸುತ್ತ, ‘ಗಂಡನ ಮನೆಯಿಂದ ವಾಪಸ್ ಬಂದ ಹೆಣ್ಣುಮಕ್ಕಳ ಬಗ್ಗೆ’ ಎಂದಳು.

ನಮ್ಮ ಮನೆಯ ವಿಷಯ ಹೇಳಿದೆಯಾ ಎಂದು ಕೇಳಿದರೆ, ‘ಇರೋದನ್ನ ಹೇಳ್ದೆ’ ಎಂದು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಯಿಗೆ ಬಂದಂತೆ ಅಂದೆ. ಊರಿಗೆಲ್ಲ ಡಂಗುರ ಹೊಡೆಯಲಿಕ್ಕೆ ನಿನಗೆ ನನ್ನ ಬಾಳೇ ಸಿಕ್ಕಿತಾ, ಟಿ.ವಿ.ಯಲ್ಲಿ ಮುಖ ಕಾಣಬೇಕು ಅಂತ ಮಗಳನ್ನ ಹರಾಜು ಹಾಕಿದೆಯಾ ಎಂದೆಲ್ಲ. ಅಮ್ಮ ನುಚ್ಚಕ್ಕಿ ಆರಿಸುತ್ತಲೇ ಇದ್ದಳು. ‘ನಿಮ್ಮಪ್ಪನಿಗೆ ಈಗ್ಲೇ ಹೇಳ್ಬೇಡ, ಬಂದಿದ್ದೋರ ಹತ್ರಾನೂ ಹೇಳಲ್ಲ ಅಂತ ಮಾತು ತಗೊಂಡಿದೀನಿ’ ಎಂದಳು, ಅಷ್ಟೇ.

ಡಿಸೆಂಬರಿನ ಒಂದು ಭಾನುವಾರ ಸಂಜೆ ಟಿ.ವಿ.ಯಲ್ಲಿ ಆ ಚಳಿಗಾಲಕ್ಕೆ ಏನೇನು ಬರಲಿದೆ ಎಂದು ಓದಿದರು. ನಾವೆಲ್ಲ ಟೀಚರ್ ಮನೆಯ ಚಾಪೆಯ ಮೇಲೆ ಕೂತಿದ್ದೆವು. ಸೇವಂತಿಗೆಯ ಹೂದಾನಿಯ ಪಕ್ಕ ಕುಳಿತ ಉದ್ಘೋಷಕಿ ಒಂದೊಂದಾಗಿ ಹೇಳಿದಳು. ಶನಿವಾರ ನಾಟಕ, ಬುಧವಾರ ಸುಗಮ ಸಂಗೀತ, ರೈತರಿಗೆ ದ್ರಾಕ್ಷಿ ಬಳ್ಳಿ ಸವರುವ ಪಾಠ. ರಾಜಾನುಕುಂಟೆಯ ಕಡೆಯ ಅಜ್ಜ ಒಬ್ಬರು ಕೈಯಲ್ಲಿ ಕತ್ತರಿ ಹಿಡಿದುಕೊಂಡು ‘ಇಂಗೆ ನೋಡಿ, ಇಂಗೆ ಕತ್ತರಿಸ್ಬೇಕು’ ಎನ್ನುವ ತುಣುಕನ್ನೂ ತೋರಿಸಿದರು. ಎಲ್ಲರೂ ನಕ್ಕರು. ಮಹಿಳೆಯರ ಚರ್ಚೆ ಪ್ರತಿ ಗುರುವಾರ, ವಾರಕ್ಕೊಂದು ವಿಷಯ ಎಂದಳು. ಅಮ್ಮನ ವಿಷಯ ಪಟ್ಟಿಯಲ್ಲಿ ಐದನೆಯದು.

ಅಮ್ಮ ಬೆರಳು ಮಡಿಸಿ ಎಣಿಸಿದಳು. ‘ಟೀಚರೇ, ಅದು ಸಂಕ್ರಾಂತಿಗೆ ಮುಂಚೆನೇ ಬಂದ್ಬಿಡುತ್ತೆ ಅಲ್ವಾ?’

‘ಮುಂಚಿನ ಗುರುವಾರವೇ ಬರುತ್ತೆ’ ಎಂದರು ಟೀಚರ್. ನನ್ನ ಕಡೆ ಒಂದು ಕ್ಷಣ ನೋಡಿ ಕಣ್ಣು ತೆಗೆದರು. ಅಮ್ಮ ಏನು ಹೇಳಿದಳೆಂದು ಆಕೆಗೆ ಗೊತ್ತಿತ್ತು, ಪಕ್ಕದಲ್ಲೇ ಕೂತಿದ್ದವರು. ಕೇಳಿದ್ದರೆ ಹೇಳುತ್ತಿದ್ದರು. ಆದರೆ ಕೇಳಬೇಕಾದರೆ ಹೈದರಾಬಾದಿನ ಟ್ರೇನಿಂಗು ಸುಳ್ಳು ಎಂದು ನನ್ನ ಬಾಯಿಂದಲೇ ಒಪ್ಪಬೇಕಿತ್ತು. ನಾನು ಕೇಳಲಿಲ್ಲ.

ಅಲ್ಲಿಂದಾಚೆ ಅಮ್ಮನದು ಒಂದೇ ಜಪ. ಪೇಪರಿನಲ್ಲಿ ಕಾರ್ಯಕ್ರಮ ಬದಲಾಗಿದೆಯಾ ನೋಡು, ಈ ವಾರ ಹೇಳಿದ್ದನ್ನೇ ಹಾಕಿದರಾ ನೋಡು. ಒಂದು ಗುರುವಾರ ಚರ್ಚೆಯ ಬದಲು ಹಾಕಿ ಆಟದ ಪಂದ್ಯ ಬಂತು. ಅಮ್ಮನ ಮುಖ ಸುಣ್ಣವಾಯಿತು. ಎಲ್ಲವೂ ಒಂದು ವಾರ ಮುಂದಕ್ಕೆ ಹೋಗುತ್ತದಾ ಎಂದು ಟೀಚರನ್ನು ಮೂರು ಸಲ ಕೇಳಿದಳು. ಇಲ್ಲ, ತಪ್ಪಿಹೋದ ವಿಷಯವನ್ನು ಸೋಮವಾರವೇ ಹಾಕುತ್ತಾರೆ ಎಂದ ಮೇಲೆ ಉಸಿರು ಬಿಟ್ಟಳು. ‘ನಿನಗೇನು ಸಿನಿಮಾ ಹೀರೋಯಿನ್ ಆಗ್ಬೇಕಿತ್ತಾ’ ಎಂದು ನಾನು ಚುಚ್ಚಿದೆ. ಅವಳು ನಕ್ಕಳು.

ನನಗೆ ಮಾತ್ರ ಅನ್ನ ನಿದ್ದೆ ಎರಡೂ ಬಿಟ್ಟುಹೋಗಿತ್ತು. ಭಾವನ ಮನೆಯಲ್ಲಿ ಟಿ.ವಿ. ಇತ್ತು. ಗಂಡ ದಿನಾ ಸಂಜೆ ಅಲ್ಲಿಯೇ ಹೋಗಿ ಕೂರುತ್ತಿದ್ದ. ಹೆಂಡತಿಯ ತಾಯಿ ಹಸಿರು ಸೀರೆಯುಟ್ಟು ಅವನ ಬೀಗದ ಕಥೆ ಹೇಳುವುದನ್ನು ಅವನು ನೋಡುತ್ತಾನೆ. ಆಮೇಲೆ ಕರೆದುಕೊಂಡು ಹೋಗುತ್ತಾನೆಯೇ? ಇಲ್ಲ. ಅಥವಾ ಹೋಗುತ್ತಾನೆ, ಹೋಗಿ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಭಯವೆಂದು ನನಗೇ ತಿಳಿಯುತ್ತಿರಲಿಲ್ಲ.

ಜನವರಿಯ ಮೊದಲ ವಾರ, ಗ್ರಂಥಾಲಯಕ್ಕೆ ಹೋಗುತ್ತೇನೆ ಎಂದು ಹೇಳಿ ನಾನೊಬ್ಬಳೇ ಎರಡು ಬಸ್ಸು ಬದಲಿಸಿ ಟಿ.ವಿ. ಕೇಂದ್ರಕ್ಕೆ ಹೋದೆ. ಗೇಟಿನಲ್ಲಿ ಒಂದು ಗಂಟೆ ನಿಲ್ಲಿಸಿದರು. ಕೊನೆಗೆ ಆ ಕಾರ್ಯಕ್ರಮದ ನಿರ್ಮಾಪಕರು ಸಿಕ್ಕಿದರು. ಅರ್ಧ ತೋಳಿನ ಸ್ವೆಟರಿನ, ಮೆತ್ತಗೆ ಮಾತಾಡುವ ಮನುಷ್ಯ. ಹಸಿರು ಸೀರೆಯ ಹೆಂಗಸಿನ ಮಗಳು ನಾನು ಎಂದೆ. ಅವರ ಮುಖ ಅರಳಿತು.

‘ಇಡೀ ಕಾರ್ಯಕ್ರಮದಲ್ಲಿ ಜೀವ ಇರೋದು ನಿಮ್ಮ ತಾಯಿ ಮಾತಲ್ಲೇ ಕಣ್ರೀ. ಮಿಕ್ಕಿದ್ದೆಲ್ಲ ಭಾಷಣ’ ಎಂದರು.

‘ಅದನ್ನ ತೆಗೀಬೇಕು ಸಾರ್.’

ಅವರು ಪೆನ್ನು ಕೆಳಗಿಟ್ಟರು. ‘ಮಾತಾಡಿದ್ದು ಅವರು. ನೀವು ಬಂದು ತೆಗೀರಿ ಅಂದ್ರೆ ಹೆಂಗೆ?’

‘ಮಾತು ಅವರದ್ದು, ಬದುಕು ನಂದು ಸಾರ್’ ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಆ ಕ್ಷಣ ಹೆಮ್ಮೆಯೂ ಆಯಿತು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಅವರು, ‘ಒಂದ್ಸಲ ನೋಡ್ತೀರಾ? ಒಳಗೆ ಹಾಕಿಸ್ತೀನಿ, ಎರಡು ನಿಮಿಷ. ನೋಡಿ ಆಮೇಲೆ ಹೇಳಿ’ ಎಂದರು.

ಎರಡೇ ನಿಮಿಷ. ಎದ್ದು ಆ ಬಾಗಿಲಿನ ಒಳಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ಪರಗಂಡಸಿನ ಪಕ್ಕ ನಿಂತು, ನನ್ನ ಏಟುಗಳ ಪಟ್ಟಿಯನ್ನು ಅಮ್ಮನ ಬಾಯಲ್ಲಿ ಕೇಳುವುದು ನನ್ನಿಂದಾಗದು ಎನಿಸಿತು. ‘ಬೇಡ ಸಾರ್’ ಎಂದೆ. ಅವರು ಬಿಳಿ ಹಾಳೆ ಕೊಟ್ಟು ಬರವಣಿಗೆಯಲ್ಲಿ ಕೊಡಿ ಎಂದರು. ಬರೆದು ಸಹಿ ಹಾಕಿದೆ. ‘ತೆಗೆದ್ರೆ ಮತ್ತೆ ಸಿಗಲ್ಲಮ್ಮ. ಟೇಪು ಕಡಿಮೆ, ಅದರ ಮೇಲೇ ಇನ್ನೊಂದು ರೆಕಾರ್ಡ್ ಮಾಡ್ತೀವಿ’ ಎಂದರು. ನನಗೆ ಬೇಕಾದ್ದೂ ಅದೇ ಆಗಿತ್ತು.

ಆ ಗುರುವಾರ ಅಮ್ಮ ಅವರೆಕಾಳು ನೆನೆಹಾಕಿದ್ದಳು, ಆದರೆ ಹಿತುಕಲು ಕೂರಲಿಲ್ಲ. ಮಧ್ಯಾಹ್ನವೇ ಸ್ನಾನ ಮಾಡಿದಳು. ಅಪ್ಪ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುತ್ತಿದ್ದ ಹಾಗೇ, ‘ಇವತ್ತು ಟೀಚರ್ ಮನೆಗೆ ನೀವೂ ಬರ್ಬೇಕು’ ಎಂದಳು. ಬೇರೆಯವರ ಮನೆಯಲ್ಲಿ ಟಿ.ವಿ. ನೋಡುವುದು ಅಪ್ಪನಿಗೆ ಮರ್ಯಾದೆ ಕಡಿಮೆಯ ಕೆಲಸ. ಒಲ್ಲೆ ಎಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು, ‘ಒಂದೇ ಒಂದು ದಿನ. ಇನ್ಯಾವತ್ತೂ ಕೇಳಲ್ಲ’ ಎಂದಳು. ಅಪ್ಪ ಅವಳನ್ನು ವಿಚಿತ್ರವಾಗಿ ನೋಡಿ ಚಪ್ಪಲಿ ಮೆಟ್ಟಿದರು.

ಟೀಚರ್ ಮನೆಯ ಹಾಲ್ ತುಂಬಿತ್ತು. ಅಪ್ಪನಿಗೆ ಕುರ್ಚಿ ಕೊಟ್ಟರು. ಅಮ್ಮ ಚಾಪೆಯ ಮೇಲೆ, ಅಪ್ಪನ ಮುಖ ಕಾಣುವಂತೆ ಓರೆಯಾಗಿ ಕೂತಳು. ಕಾರ್ಯಕ್ರಮ ಶುರುವಾಯಿತು. ಲಾಯರ್ ಹೆಂಗಸೊಬ್ಬರು ಕಾನೂನು ಹೇಳಿದರು, ಡಾಕ್ಟರೊಬ್ಬರು ಮನಸ್ಸಿನ ಆರೋಗ್ಯ ಹೇಳಿದರು. ಎರಡನೆಯ ಸಾಲಿನಲ್ಲಿ ಅಮ್ಮ ಕಂಡಳು. ಹಸಿರು ಸೀರೆ ಕಪ್ಪಗೆ ಕಂಡಿತು. ‘ಅಗೋ ನೋಡ್ರೀ’ ಎಂದು ಎಲ್ಲರೂ ಕೂಗಿದರು. ತೆರೆಯ ಮೇಲಿನ ಅಮ್ಮ ಎದ್ದು ನಿಂತಳು, ಮೈಕು ತೆಗೆದುಕೊಂಡಳು, ಬಾಯಿ ತೆರೆದಳು. ತಟಕ್ಕನೆ ಮತ್ತೆ ಲಾಯರ್ ಮುಖ ಬಂತು.

ಚಾಪೆಯ ಮೇಲಿನ ಅಮ್ಮ ಕಾಯುತ್ತಲೇ ಇದ್ದಳು. ವಂದನೆಗಳು ಎಂದು ತೋರಿಸಿ, ವಾರ್ತೆ ಶುರುವಾದ ಮೇಲೂ ಕಾಯುತ್ತಿದ್ದಳು.

‘ಇಷ್ಟಕ್ಕಾ ನನ್ನ ಎಳ್ಕೊಂಡ್ ಬಂದಿದ್ದು?’ ಎಂದು ಅಪ್ಪ ಎದ್ದು ಹೋದರು. ಅಮ್ಮ ಅವರ ಹಿಂದೆ ಹೋದಳು. ನನಗೆ ಗೆದ್ದ ಹಾಗಾಗಿತ್ತು, ಸುಳ್ಳು ಹೇಳುವುದಿಲ್ಲ. ಚಪ್ಪಲಿ ಹುಡುಕುತ್ತಿದ್ದಾಗ ಟೀಚರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

‘ನಿಮ್ಮಮ್ಮನ ಮಾತು ಯಾಕೆ ತೆಗೆದ್ರೋ ಗೊತ್ತಿಲ್ಲ ಕಣಮ್ಮ. ಅವತ್ತು ಅಲ್ಲಿ ಎಲ್ಲರೂ ಚಪ್ಪಾಳೆ ಹೊಡೆದಿದ್ರು.’

‘ಏನಂದಿದ್ಲು?’ ಎಂದೆ. ಆ ಪ್ರಶ್ನೆ ಕೇಳಲು ನನಗೆ ಒಂದು ತಿಂಗಳು ಬೇಕಾಯಿತು.

‘ಸಂಕ್ರಾಂತಿ ಆದ್ಮೇಲೆ ನನ್ನ ಮಗಳನ್ನ ವಾಪಸ್ ಕಳಿಸ್ತಾರಂತೆ, ನಾನು ಕಳಿಸಲ್ಲ ಅಂದ್ರು. ನಮ್ಮ ಯಜಮಾನ್ರ ಮುಂದೆ ನಂಗೆ ಬಾಯಿ ಬರಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ, ಅವರೂ ಕೇಳಿಸ್ಕೊಳ್ಳಲಿ, ಬೀದಿಯೋರೂ ಕೇಳಿಸ್ಕೊಳ್ಳಲಿ, ಅವಳು ನನ್ನ ಮನೇಲೇ ಇರ್ತಾಳೆ ಅಂದ್ರು.’

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ನೆನೆದ ಅವರೆಕಾಳು ಹಿತುಕುತ್ತಿದ್ದಳು. ಹೊರಗೆ ಅಪ್ಪ ಪೇಪರು ಓದುತ್ತಿದ್ದರು. ನಾನು ಅವಳ ಪಕ್ಕ ಕೂತು ಪಿಸುಗುಟ್ಟಿದೆ. ‘ಅಮ್ಮಾ, ಟೀಚರ್ ಹೇಳಿದ್ರು. ಅದೇ ಮಾತನ್ನ ಈಗ ಹೋಗಿ ಅಪ್ಪಂಗೆ ಹೇಳು. ನಾನೂ ಬರ್ತೀನಿ.’

ಅಮ್ಮನ ಕೈ ನಿಂತಿತು. ಹೊರಗಿನ ಕುರ್ಚಿಯ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿ, ‘ಒಂದ್ಸಲ ಹೇಳೋಷ್ಟೇ ಧೈರ್ಯ ಇತ್ತು ಕಣೇ ನನ್ನ ಹತ್ರ’ ಎಂದಳು. ಅದನ್ನು ಅಳಿಸಿ ಬಂದವಳು ನಾನೇ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಇಬ್ಬರೂ ಕೂತು ಉಳಿದ ಕಾಳು ಹಿತುಕಿ ಮುಗಿಸಿದೆವು.

ಸಂಕ್ರಾಂತಿ ಕಳೆದ ಮೂರನೆಯ ದಿನ ಅಪ್ಪ ನನ್ನನ್ನು ಆರ್.ಟಿ. ನಗರಕ್ಕೆ ಬಿಟ್ಟು ಬಂದರು. ಜೊತೆಗೆ ಅಮ್ಮ ಡಬ್ಬಿ ತುಂಬ ಎಳ್ಳು ಬೆಲ್ಲ ಕಟ್ಟಿಕೊಟ್ಟಿದ್ದಳು. ಎರಡು ವಾರ ಬೀಗ ಇರಲಿಲ್ಲ. ಮೂರನೆಯ ವಾರ ಬೀಗ ಬಂತು. ಅಲ್ಲಿ ಮತ್ತೆ ಎರಡು ವರ್ಷ ಇದ್ದೆ. ಕೊನೆಗೆ ಆಸ್ಪತ್ರೆಯಿಂದ ನೇರವಾಗಿ ಯಶವಂತಪುರಕ್ಕೆ ಬಂದಾಗ ನನ್ನ ಎಡಗಿವಿ ಕೇಳಿಸುವುದು ನಿಂತಿತ್ತು. ಅಪ್ಪ ಬಾಗಿಲು ತೆರೆದು, ಏನೂ ಕೇಳದೆ ಸೂಟ್‌ಕೇಸ್ ಒಳಗೆ ತೆಗೆದುಕೊಂಡರು. ಆಮೇಲೆ ಯಾರೂ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ.

ನಮ್ಮ ಮನೆಗೂ ಟಿ.ವಿ. ಬಂದ ಮೇಲೆ, ಮುಂದಿನ ವಾರ ಏನೇನು ಬರುತ್ತದೆ ಎಂದು ಹೇಳತೊಡಗಿದರೆ ಅಮ್ಮ ಎದ್ದು ಹೋಗುತ್ತಿದ್ದಳು. ಮನೆಗೆ ಬಂದವರು ನನ್ನ ಎಡಗಡೆ ಕೂತು ಮಾತಾಡಿ, ನಾನು ಕೇಳಿಸಿಕೊಳ್ಳದೆ ಇದ್ದಾಗ ಅಮ್ಮ ಅವರನ್ನು ಬಲಗಡೆ ಕೂರಿಸಿ, ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದಳು. ‘ಆ ಟಿ.ವಿ.ಯೋರು ನಾನು ಹೇಳಿದ್ದನ್ನ ಹಂಗೇ ಹಾಕಿದ್ರೆ ಇವಳ ಕಿವಿ ಉಳೀತಿತ್ತು.’ ಹೇಳಿ ನನ್ನ ಮುಖ ನೋಡುತ್ತಿದ್ದಳು. ‘ಹೌದಮ್ಮ, ಅವರದ್ದೇ ತಪ್ಪು’ ಎಂದು ನಾನೂ ಪ್ರತಿ ಸಲ, ಅವಳು ಬದುಕಿರುವ ತನಕ ಹೇಳಿದೆ.