ಬೆಳಗಿನ ವಿಮಾನ ಉಳಿಸಿದ ಮೇಡಂ

ನಮ್ಮ ಮೇಡಂ ಉಡುತ್ತಿದ್ದ ಸೀರೆ ಮೊಳಕಾಲಿನ ಹತ್ತಿರ ಯಾವಾಗಲೂ ಸೀಮೆಸುಣ್ಣದಿಂದ ಬೆಳ್ಳಗಾಗಿರುತ್ತಿತ್ತು. ಶಹಾಬಾದಿನ ಅವರ ಮನೆಯಲ್ಲಿ ನಡುಮನೆಗೆ ಹಾಸಿದ ಕಪ್ಪು ಪರಸಿ ಕಲ್ಲೇ ಅವರ ಬೋರ್ಡು. ಮೊಳಕಾಲೂರಿ ಕುಳಿತು, ವಿಮಾನ ನಿಲ್ದಾಣಕ್ಕೊಂದು ಸುತ್ತು ಬರೆದು, ಒಂದರಿಂದ ಇನ್ನೊಂದಕ್ಕೆ ಹಾರುವ ವಿಮಾನಗಳಿಗೆ ಗೆರೆ ಎಳೆಯುತ್ತಾ ಹಿಂದೆ ಹಿಂದೆ ಸರಿದು ಅಡುಗೆಮನೆಯ ಹೊಸ್ತಿಲು ಮುಟ್ಟುತ್ತಿದ್ದರು. ನಾನು ಚಹಾ ಹಿಡಿದು ದಿಲ್ಲಿಯನ್ನು ತುಳಿಯದಂತೆ ಮುಂಬೈಯನ್ನು ದಾಟಿ ಬರಬೇಕಿತ್ತು.

ಅವರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕಿ. ನಾನು ಚಿತ್ತಾಪುರದಿಂದ ಹೋಗಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದವಳು. ವಿಷಯ ಕೇಳಿದ ಮೊದಲ ದಿನವೇ ನನಗೆ ಗಾಬರಿಯಾಗಿತ್ತು.

"ನಾ ವಿಮಾನ ಹತ್ತೇ ಇಲ್ರಿ ಮೇಡಂ. ಅದರ ಮ್ಯಾಲ ಏನ್ ಬರೀಲಿ?"

"ವಿಮಾನದ ಮ್ಯಾಲ ಅಲ್ಲವ್ವಾ, ಜಾಗಾದ ಮ್ಯಾಲ ಬರೀಬೇಕು" ಎಂದರು. "ಒಂದು ರನ್‌ವೇ ಮ್ಯಾಲ ತಾಸಿಗೆ ಇಷ್ಟೇ ವಿಮಾನ ಇಳೀತಾವ. ಬರೋವ್ರು ಭಾಳ ಮಂದಿ ಇದ್ದಾರ. ಯಾರಿಗೆ ಜಾಗಾ ಕೊಡಬೇಕು, ಯಾರಿಗೆ ಇಲ್ಲ ಅನ್ನಬೇಕು? ಇದು ವಾಡಿ ಸ್ಟೇಷನ್ ಪ್ಲಾಟ್‌ಫಾರ್ಮಿನ ಪ್ರಶ್ನಿನೂ ಹೌದು."

ಆ ಪ್ರಶ್ನೆ ಒಂದು ದಿನ ಮೇಡಂ ಮನೆ ಬಾಗಿಲಿಗೇ ಬಂತು. ಮಹಾನಗರವೊಂದರ ನಿಲ್ದಾಣದಲ್ಲಿ ಬೆಳಗಿನ ಹೊತ್ತು ವಿಪರೀತ ದಟ್ಟಣೆ. ಆ ಹೊತ್ತಿನಲ್ಲಿ ಇಳಿಯುವ ಹಕ್ಕನ್ನು ಹೆಚ್ಚು ಬೆಲೆ ಕೂಗಿದ ಕಂಪನಿಗೆ ಕೊಡಬೇಕೆಂಬ ಯೋಜನೆ ತಯಾರಾಗಿತ್ತು. ಹಾಗಾದರೆ ನಮ್ಮಂಥ ಸಣ್ಣ ಊರುಗಳ ಚಿಕ್ಕ ವಿಮಾನಗಳಿಗೆ ಅಲ್ಲಿ ಜಾಗವೇ ಉಳಿಯುತ್ತಿರಲಿಲ್ಲ. ನಮ್ಮ ಭಾಗದಿಂದ ಅಲ್ಲಿಗೆ ಇದ್ದದ್ದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಎರಡೇ ವಿಮಾನ. ಯೋಜನೆಯನ್ನು ಪರಿಶೀಲಿಸುತ್ತಿದ್ದ ದಿಲ್ಲಿಯ ಸಮಿತಿಯಿಂದ, ಅಭಿಪ್ರಾಯ ಕೊಡಲು ಮೇಡಂ ಅವರಿಗೆ ಕರೆ ಬಂತು.

ಸುದ್ದಿ ತಿಳಿದು ಸೇಡಂನಿಂದ ಅವರ ಸೋದರಮಾವ ಬಂದರು. ತೊಗರಿ ವ್ಯಾಪಾರಿ, ದೊಡ್ಡ ದನಿಯ ಮನುಷ್ಯ.

"ಬೆಳಗಿಂದು, ಮಧ್ಯಾಹ್ನದ್ದು, ನಮ್ಮ ಎರಡೂ ವಿಮಾನ ಬೇಕಂತ ಖಡಕ್ ಹೇಳವ್ವಾ. ಈ ಭಾಗದ ಮಗಳು ಇದ್ದೀ."

"ಬೆಳಗಿಂದು ಬೇಕಂತ ಹೇಳ್ತೀನಿ ಮಾಮಾ. ಮಧ್ಯಾಹ್ನದ್ದು ಖಾಲಿ ಹೋಗ್ಲಿಕತ್ತದ. ಅದೂ ಬೇಕಂದ್ರ ಸುಳ್ಳು ಹೇಳಿದಂಗ ಆಗ್ತದ."

"ಹಂಗಾದ್ರ ನಿನ್ನ ಶಾಣ್ಯಾತನ ನಮಗೇನ್ ಉಪಯೋಗ ಬಂತು?" ಎಂದು ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಮೇಡಂ ಅವರು ಬಿಟ್ಟುಹೋದ ಲೋಟ ಎತ್ತಿಟ್ಟರು. "ನನಗ ಎತ್ತಿ ಆಡಿಸಿದವ್ರು ಅವ್ರು" ಎಂದಷ್ಟೇ ಹೇಳಿ ಮತ್ತೆ ಲೆಕ್ಕಕ್ಕೆ ಕುಳಿತರು.

ದಿಲ್ಲಿಯ ಸಭೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಯೋಜನೆ ತಯಾರಿಸಿದ ತಜ್ಞರು ಮಾತು ಮುಗಿಸಿದ ಮೇಲೆ ಮೇಡಂ ಎದ್ದು, ನಮ್ಮ ಭಾಗದ ಮಧ್ಯಾಹ್ನದ ವಿಮಾನ ಬೇಕಿಲ್ಲ, ಅದರ ಜಾಗ ನೀವು ತೆಗೆದುಕೊಳ್ಳಬಹುದು ಎಂದರು. ಕೇಳಲು ಬಂದವಳು ಕೊಡುತ್ತಿದ್ದಾಳಲ್ಲ ಎಂದು ಎಲ್ಲರೂ ತಲೆ ಎತ್ತಿದರು. ಆಮೇಲೆ ತಜ್ಞರ ಕಡೆ ತಿರುಗಿ, ಬೆಳಗಿನ ವಿಮಾನ ನಿಂತರೆ ಅದರ ಪ್ರಯಾಣಿಕರು ಏನು ಮಾಡುತ್ತಾರೆಂದು ನಿಮ್ಮ ಲೆಕ್ಕ ಹೇಳುತ್ತದೆ ಎಂದು ಕೇಳಿದರು.

"ಮಧ್ಯಾಹ್ನದ ವಿಮಾನದಲ್ಲಿ ಬರುತ್ತಾರೆ ಎಂದು ಹಿಡಿದಿದ್ದೇವೆ."

"ಬರುವುದಿಲ್ಲ. ಅದು ಖಾಲಿ ಹೋಗುತ್ತಿರುವುದೇ ಇದಕ್ಕೆ ಸಾಕ್ಷಿ. ಬೆಳಗ್ಗೆ ಇಳಿದರೆ ಮಾತ್ರ ನಮ್ಮವರಿಗೆ ಅಲ್ಲಿಂದ ಮುಂದಿನ ಊರಿಗೆ ಹೋಗುವ ದೊಡ್ಡ ವಿಮಾನ ಸಿಗುತ್ತದೆ. ನಮ್ಮ ಚಿಕ್ಕ ವಿಮಾನ ತೆಗೆದರೆ ನಿಮ್ಮ ದೊಡ್ಡ ವಿಮಾನಗಳಲ್ಲೂ ಸೀಟುಗಳು ಖಾಲಿ ಉಳಿಯುತ್ತವೆ. ಆ ನಷ್ಟವನ್ನು ನೀವು ಎಣಿಸಿಯೇ ಇಲ್ಲ."

ಲೆಕ್ಕ ಮತ್ತೊಮ್ಮೆ ಮಾಡಿ ಎಂದು ಸಮಿತಿಯ ಅಧ್ಯಕ್ಷರು ತಜ್ಞರಿಗೆ ಹೇಳಿದರು. ಮಾಡಿದರು. ಕೊನೆಗೆ ಬಂದ ಆದೇಶದಲ್ಲಿ, ಬೆಳಗಿನ ಕೆಲವು ಜಾಗಗಳನ್ನು ಹರಾಜಿಗೆ ಇಡದೆ ಸಣ್ಣ ಊರುಗಳಿಗೇ ಮೀಸಲಿಡಲಾಗಿತ್ತು. ನಮ್ಮದು ಮಾತ್ರವಲ್ಲ, ನಾವು ಹೆಸರೂ ಕೇಳಿರದ ಎಷ್ಟೋ ಊರುಗಳ ವಿಮಾನಗಳೂ ಉಳಿದವು.

ಆ ವಾರವೇ ಸೇಡಂನ ಮಾಮ ಪೇಢೆಯ ಡಬ್ಬಿ ಹಿಡಿದು ಬಂದರು. "ನಿನ್ನ ಲೆಕ್ಕ ನನಗ ತಿಳೀಲಿಲ್ಲವ್ವಾ, ಖರೆ ನಿನ್ನ ಮಾತು ದಿಲ್ಲಿಯಾಗ ನಡೀತು ನೋಡು!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಮೇಡಂ ನಕ್ಕು, "ಈ ಸಲ ಚಹಾ ಪೂರಾ ಕುಡದ್ ಹೋಗ್ರಿ" ಎಂದರು.

ಹೋದ ವರ್ಷ ಮೇಡಂ ತೀರಿಕೊಂಡರು. ಕಾಯಿಲೆ ಬಲಿತಿತ್ತು, ಆದರೂ ನನ್ನ ಪ್ರಬಂಧದ ಕೊನೆಯ ಅಧ್ಯಾಯ ತಿದ್ದಿಕೊಟ್ಟೇ ಹೋದರು.

ಮೊನ್ನೆ ಅದೇ ಸಮಿತಿ ಮತ್ತೊಂದು ನಿಲ್ದಾಣದ ವಿಷಯಕ್ಕೆ ನನ್ನನ್ನು ಕರೆಸಿತ್ತು. ಉದ್ದನೆಯ ಮೇಜಿನ ಸುತ್ತ ಕುಳಿತವರೆಲ್ಲ ತಮ್ಮ ತಮ್ಮ ಸಂಸ್ಥೆ, ಪದವಿ, ವಿದೇಶದ ಅನುಭವ ಹೇಳಿಕೊಂಡರು. ನನ್ನ ಸರದಿ ಬಂದಾಗ ನಾನು ಇಂಥವರ ಶಿಷ್ಯೆ ಎಂದು ಮೇಡಂ ಹೆಸರೊಂದನ್ನೇ ಹೇಳಿದೆ. ಅಂದು ಲೆಕ್ಕ ಮತ್ತೊಮ್ಮೆ ಮಾಡಿಸಿದ್ದ ಅದೇ ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹಾಗಾದರೆ ಮೊದಲು ನೀವೇ ಮಾತಾಡಿ" ಎಂದರು.