ಸಂಗವ್ವ ತೊಳೆಯದ ಹೊಸ್ತಿಲು

“ಸಂಗವ್ವನ ಹೊಸ್ತಿಲಕ್ಕ ನೀರ ಬೀಳಬೇಕಂದ್ರ ಮಳಿನ ಬರಬೇಕು” ಎಂದು ಬೆಂಗೇರಿಯ ನಮ್ಮ ಓಣಿಯ ಹೆಂಗಸರು ನಗುತ್ತಿದ್ದರು. ಬೆಳಗಾದರೆ ಓಣಿಯೆಲ್ಲ ಹೊಸ್ತಿಲು ತೊಳೆದು ರಂಗೋಲಿ ಹಾಕುತ್ತಿತ್ತು. ಹತ್ತಿ ಅಂಗಡಿಯಲ್ಲಿ ಹತ್ತಿಯೊಳಗಿನ ಕಸಕಡ್ಡಿ ಆರಿಸಿ ಬದುಕುತ್ತಿದ್ದ ಈ ವಿಧವೆಯ ಬಾಗಿಲಲ್ಲಿ ಮಾತ್ರ ಬಂದವರ, ಹೋದವರ ಕೆಸರು ಹೆಜ್ಜೆಗಳು ಹಾಗೇ ಒಣಗಿರುತ್ತಿದ್ದವು.

ಮೊದಲು ಅವಳಷ್ಟು ಹಸನಿನ ಹೆಂಗಸು ಓಣಿಯಲ್ಲಿರಲಿಲ್ಲ. ಒಬ್ಬಳೇ ಮಗಳು ನೀಲವ್ವನನ್ನು ಉಪ್ಪಿನಬೆಟಗೇರಿಗೆ ಕೊಟ್ಟಿದ್ದಳು. 1959ರಲ್ಲಿ ನಾಗರ ಪಂಚಮಿಗೆ ತವರಿಗೆ ಬಂದ ಮಗಳು, “ಯವ್ವಾ, ಇನ್ನೊಂದೀಟ ದಿನಾ ಇಲ್ಲೇ ಇರತೇನಿ” ಎಂದಳು.

“ಹಬ್ಬ ಮುಗೀತಲ್ಲವಾ. ನಿಮ್ಮತ್ತಿ ಏನಂದಾಳು?”

ಬುತ್ತಿ ಕಟ್ಟಿ ಕಳಿಸಿದಳು. ಯಾಕೆ ಇರುತ್ತೀ ಎಂದು ಕೇಳಲಿಲ್ಲ.

ವಾರದೊಳಗೆ ಸುದ್ದಿ ಬಂತು. ನೀರಿಗೆ ಹೋದ ನೀಲವ್ವ ಗಂಡನ ಊರಿನ ಮೆಟ್ಟಿಲ ಬಾವಿಯಲ್ಲಿ ಮುಳುಗಿದ್ದಳು. ಸಂಗವ್ವ ಹೋಗುವಷ್ಟರಲ್ಲಿ ಹೆಣ ಮೇಲೆ ತೆಗೆದಿದ್ದರು. ಅದು ಊರೆಲ್ಲ ಕುಡಿಯುವ ಬಾವಿ. ಮೆಟ್ಟಿಲು ತೊಳೆದು ವಿಭೂತಿ ಹಚ್ಚುವ ತನಕ ಯಾರೂ ಕೊಡ ಇಳಿಸುವಂತಿರಲಿಲ್ಲ. ಮಗಳ ಸಲುವಾಗಿ ಯಾರೂ ಗೊಣಗಬಾರದೆಂದು ಸಂಗವ್ವ ತಾನೇ ಸೀರೆ ಎತ್ತಿಕಟ್ಟಿ, ಮೆಟ್ಟಿಲ ಪಾಚಿ, ರಾಡಿ ಎಲ್ಲ ತಿಕ್ಕಿ ತೊಳೆದಳು. ಪೊಲೀಸರು ಬಂದದ್ದು ಆಮೇಲೆ.

ದವಾಖಾನೆಯಲ್ಲಿ ಹೆಣ ಕೊಯ್ದು ನೋಡಿದ ಡಾಕ್ಟರು ಹೊರಗೆ ಬಂದರು.

“ನೀರು ಕುಡದ ಜೀವ ಹೋಗೇದ, ತಾಯಿ.”

“ಅದು ನನಗೂ ಗೊತ್ತೈತ್ರಿ. ಕಾಲ ಜಾರಿತೋ, ತಾನ ಹಾರಿಕೊಂಡ್ಳೋ, ಅದನ್ನ ಹೇಳ್ರಿ. ಒಲ್ಲೆ ಅಂದಾಕಿನ್ನ ನಾನೇ ಕಳಿಸೇನ್ರಿ.”

“ಅದು ಹೆಣದಾಗ ಕಾಣೂದಿಲ್ಲ. ಜಾರಿ ಬಿದ್ರೂ, ಹಾರಿದ್ರೂ, ಯಾರರ ದಬ್ಬಿದ್ರೂ ಒಳಗ ಹೋಗೋ ನೀರು ಒಂದ ಥರಾ ಇರತದ.” ಆಮೇಲೆ ಅವರೇ ಕೇಳಿದರು: “ಮೆಟ್ಟಲ ಪಾಚಿ ಮ್ಯಾಲೆ ಕಾಲ ಜಾರಿದ ಗುರುತು ಯಾರರ ನೋಡ್ಯಾರೇನು?”

ಸಂಗವ್ವ ಅಂಗೈ ತಿರುವಿ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಪಾಚಿ ಇತ್ತು.

ಅಂದಿನಿಂದ ಅವಳು ಯಾರ ಹೆಜ್ಜೆಯನ್ನೂ ತೊಳೆಯಲಿಲ್ಲ. ಪಕ್ಕದ ಮನೆಯ ಗೌರಕ್ಕ ಒಮ್ಮೆ ಕೊಡ ತುಂಬಿ ತಂದಾಗ ತಡೆದಳು. “ಇರಲಿ ಬಿಡ ಗೌರಕ್ಕ. ಯಾರ ಹೆಂಗ ಹ್ವಾದ್ರಂತ ನಾಳಿ ಯಾರರ ಕೇಳ್ಯಾರು.”

1968ರ ಮಳೆಗಾಲದಲ್ಲಿ ಜ್ವರ ಬಂದು ಸಂಗವ್ವ ತೀರಿಕೊಂಡಳು. ಲಿಂಗಾಯತರ ಪದ್ಧತಿಯಂತೆ ಹೆಣವನ್ನು ಕೂಡಿಸಿ, ಹೂ ಏರಿಸಿ, ಹೊತ್ತವರು ಹೊಸ್ತಿಲು ದಾಟಿದರು. ಹೆಣ ಹೊರಟ ಬೆನ್ನಿಗೇ ಬಾಗಿಲು ತೊಳೆಯುವುದು ರೂಢಿ. ಗೌರಕ್ಕ ಕೊಡ ಹಿಡಿದು ನಿಂತಿದ್ದಳು. ಹೊಸ್ತಿಲ ಮೇಲೆ ಹೊತ್ತವರ ಕೆಸರು ಹೆಜ್ಜೆಗಳಿದ್ದವು.

“ನೀರ ಸುರುವವಾ, ಯಾಕ ನಿಂತಿ?” ಎಂದು ಹೆಂಗಸರು ಅವಸರ ಮಾಡಿದರು.

ಸಂಗವ್ವ ಓಣಿಯ ತಿರುವು ದಾಟುವ ತನಕ ಗೌರಕ್ಕ ಕೊಡ ಬಗ್ಗಿಸಲಿಲ್ಲ.