ಕಡಿದುಹೋಗುವ ವೈಫೈ, ಕಾದು ಕೂರುವ ಲೋರ್ನಾ

ಬೆಳಗಿನ ಐದೂವರೆ. ಹೊರಗೆ ಹಿಮ ಬೀಳುತ್ತಿದೆ. ಜೋಡಿ ರೌಟಿಯೊ ಎಂಬ ಮಹಿಳೆಯ ಅಡುಗೆಮನೆಗೆ ಅಂಟಿಕೊಂಡ ಹೊಲಿಗೆ ಕೋಣೆಯಲ್ಲಿ ಲೋರ್ನಾ ಕೊಸ್ಕೆಲಾ ಕೋಟನ್ನೂ ಬಿಚ್ಚದೆ ಕೂತಿದ್ದಾರೆ. ಎದುರಿಗೆ ಜೋಡಿಯ ಲ್ಯಾಪ್‌ಟಾಪ್. ಲೋರ್ನಾ ಅದನ್ನು ಮುಟ್ಟುವುದಿಲ್ಲ. ವೈಫೈ ಯಾವ ಗಳಿಗೆಯಲ್ಲಿ ಹೋಯಿತು, ಯಾವಾಗ ಬಂತು ಎಂದು ಪೆನ್ಸಿಲ್ಲಿನಿಂದ ಹಾಳೆಯ ಮೇಲೆ ಬರೆದುಕೊಳ್ಳುತ್ತಾರೆ, ಅಷ್ಟೆ.

"ನಾವು ಅಲ್ಲಾಡದೆ ಕೂತಿರಬೇಕಾ?" ಎಂದು ಅಡುಗೆಮನೆಯಿಂದ ಜೋಡಿಯ ಅತ್ತೆ, ಎಂಬತ್ತೊಂದರ ಐಲಿ ಕೇಳುತ್ತಾರೆ.

"ಬೇಡ, ದಿನಾ ಏನ್ ಮಾಡ್ತೀರೋ ಅದನ್ನೇ ಮಾಡಿ. ನಾನು ಇಲ್ಲಿಲ್ಲ ಅಂದ್ಕೊಳ್ಳಿ."

"ಅಷ್ಟು ದಪ್ಪ ಕೋಟು ಹಾಕ್ಕೊಂಡು ನನ್ನ ಕುರ್ಚಿಲೇ ಕೂತಿದ್ದೀಯಲ್ಲ, ಇಲ್ಲ ಅಂತ ಹೇಗೆ ಅಂದ್ಕೊಳ್ಲಿ?"

ಇನ್ನು ಮೂರು ಗಂಟೆ ಕಳೆದರೆ, ಎಂಟೂವರೆಗೆ, ಇದೇ ಕೋಣೆಯಲ್ಲಿ ಜೋಡಿಯ ಪರೀಕ್ಷೆ. ನಲವತ್ತೊಂದರ ಜೋಡಿ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಅಲ್ಲಿನ ಮುದುಕರನ್ನೇ ನೋಡಿಕೊಳ್ಳುವ ದಾದಿಯ ಸಹಾಯಕಿಯಾಗಬೇಕೆಂಬುದು ಅವರ ಆಸೆ. ಕ್ಯಾಮೆರಾ ಮುಂದೆ ಒಬ್ಬರೇ ಕೂತು ಮನೆಯಿಂದಲೇ ಬರೆಯುವ ಪರೀಕ್ಷೆಯಿದು. ಹಿಂದೆ ಬರೆದ ಎರಡು ಸಲವೂ ಪರೀಕ್ಷೆಯ ನಡುವೆ ಹತ್ತು ಸೆಕೆಂಡು ವೈಫೈ ಕಡಿಯಿತು. ಎರಡು ಸಲವೂ ಪರೀಕ್ಷೆ ನಡೆಸುವ ಸಂಸ್ಥೆ ಒಂದೇ ಪತ್ರ ಕಳಿಸಿತು: ಅಭ್ಯರ್ಥಿ ಕ್ಯಾಮೆರಾ ಮುಂದಿನಿಂದ ಎದ್ದುಹೋಗಿದ್ದಾರೆ, ನಕಲಿನ ಶಂಕೆ ಇದೆ, ಪರೀಕ್ಷೆ ರದ್ದು. ಮೂರನೆಯ ಸಲವೂ ಹೀಗಾದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ.

ಆ ಪತ್ರಗಳನ್ನು ಓದಿದಾಗ ಈ ವರದಿ ಬರೆಯುತ್ತಿರುವ ನನಗೆ ಮೈ ಉರಿಯಿತು. ತಂತಿ ಕಡಿದರೆ ಅದು ತಂತಿಯ ತಪ್ಪು; ಬಡವರ ಮನೆಯಲ್ಲಿ ಕಡಿದರೆ ಮಾತ್ರ ಅವರ ನಡತೆಯ ತಪ್ಪಾಗುತ್ತದೆ. ಮೊದಲ ಪರೀಕ್ಷೆಗೂ ಮುಂಚೆಯೇ, ವೈಫೈ ಆಗಾಗ ನಿಧಾನವಾಗುತ್ತದೆ ಎಂದು ಜೋಡಿ ಇಂಟರ್‌ನೆಟ್ ಕಂಪನಿಗೆ ಏಳು ಸಲ ಫೋನು ಮಾಡಿದ್ದರು. ಏಳು ಸಲವೂ ಕಂಪನಿಯವರು ಆಫ್ ಮಾಡಿ ಆನ್ ಮಾಡಿ ಎಂದರು. ಕೊನೆಗೆ ಒಬ್ಬ ಬಂದ. ಕೆಲಸಕ್ಕೆ ಅಡ್ಡಿ ಎಂದು ಮನೆಯವರನ್ನೆಲ್ಲ ಹೊರಗೆ ಕೂರಿಸಿದ, ಹತ್ತು ನಿಮಿಷ ನೋಡಿದ, ಎಲ್ಲ ಸರಿಯಿದೆ ಎಂದ. ಮಲಗುವ ಕೋಣೆಗೆ ಇನ್ನೊಂದು ವೈಫೈ ಪೆಟ್ಟಿಗೆ ಸಿಕ್ಕಿಸಿ ಕೈ ತೊಳೆದುಕೊಂಡ. ಅದಕ್ಕೆ ತಿಂಗಳ ಬಾಡಿಗೆ ಬೇರೆ.

ಲೋರ್ನಾಗೆ ಅರವತ್ತೆರಡು. ಇಪ್ಪತ್ತಾರು ವರ್ಷ ಟೆಲಿಫೋನ್ ಕಂಬ ಹತ್ತಿ ಈ ಊರಿನ ಕೇಬಲ್ ಜೋಡಿಸಿದವರು. ಮೊಣಕಾಲು ಸವೆದ ಮೇಲೆ ಕಂಪನಿ ಮನೆಗೆ ಕಳಿಸಿತು. ಈಗ ಊರ ಗ್ರಂಥಾಲಯದಲ್ಲಿ ಅರೆಹೊತ್ತಿನ ಕೆಲಸ. ಪುಸ್ತಕ ಕೊಡುವ ಮೇಜಿಗೇ ದಿನಕ್ಕೆ ಹತ್ತು ಹನ್ನೆರಡು ಲ್ಯಾಪ್‌ಟಾಪ್‌ಗಳು ರಿಪೇರಿಗೆ ಬರುತ್ತವೆ. ಅಲ್ಲಿ ರಿಪೇರಿಯಾಗದ್ದನ್ನು ನೋಡಲು ವಾರಕ್ಕೆ ನಾಲ್ಕು ಮನೆಗೆ ತಮ್ಮ ಹಳೆಯ ಕಾರಿನಲ್ಲೇ ಹೋಗುತ್ತಾರೆ. ಹಾಗೆ ಹೋಗಿ ಎಂದು ಯಾರೂ ಹೇಳಿಲ್ಲ, ಹೋದದ್ದಕ್ಕೆ ಯಾರೂ ಏನೂ ಕೊಡುವುದಿಲ್ಲ.

"ಗ್ರಂಥಾಲಯದ ಮೇಜಿನ ಮೇಲೆ ಎಲ್ಲಾ ಲ್ಯಾಪ್‌ಟಾಪೂ ಒಳ್ಳೇ ಮಗು ಥರ ಇರತ್ತೆ. ಅದರ ಹಟ ನೋಡ್ಬೇಕು ಅಂದ್ರೆ ಮನೇಗೇ ಹೋಗ್ಬೇಕು. ಮನೆಯವರು ಓಡಾಡ್ತಾ ಇರ್ಬೇಕು" ಎನ್ನುತ್ತಾರೆ ಅವರು.

ಆರು ಗಂಟೆ ಹತ್ತು ನಿಮಿಷ. ಐಲಿ ಕಾಫಿಗೆ ಹಾಲು ತೆಗೆಯುತ್ತಾರೆ. ವೈಫೈ ಹೋಯಿತು. ಲೋರ್ನಾ ತಲೆ ಎತ್ತುತ್ತಾರೆ.

"ಐಲಿ, ಈಗೇನ್ ಮಾಡಿದ್ರಿ?"

"ಫ್ರಿಜ್ ತೆಗೆದೆ. ಅದನ್ನೂ ಕೇಳಿ ಮಾಡ್ಬೇಕಿತ್ತಾ?"

"ಮುಚ್ಚಿ. ಹಾಂ, ಈಗ ಇನ್ನೊಂದ್ಸಲ ತೆಗೀರಿ."

ಮತ್ತೆ ಹೋಯಿತು. ವೈಫೈ ಪೆಟ್ಟಿಗೆ ಇರುವುದು ಹಜಾರದಲ್ಲಿ. ಫ್ರಿಜ್‌ನ ಅಗಲವಾದ ಲೋಹದ ಬಾಗಿಲು ತೆರೆದಾಗ ನಡುವೆ ಅಡ್ಡ ನಿಲ್ಲುತ್ತದೆ. ಸಿಗ್ನಲ್ ಕುಂದಿದ ಕೂಡಲೇ ಲ್ಯಾಪ್‌ಟಾಪ್ ಅದನ್ನು ಬಿಟ್ಟು, ಅದೇ ಹೆಸರಿನ ಮಲಗುವ ಕೋಣೆಯ ಪೆಟ್ಟಿಗೆಗೆ ಜಿಗಿಯುತ್ತದೆ. ಬಾಗಿಲು ಮುಚ್ಚಿದರೆ ಮತ್ತೆ ಇತ್ತ ಜಿಗಿತ. ಒಂದೊಂದು ಜಿಗಿತಕ್ಕೆ ಹತ್ತು ಸೆಕೆಂಡು. ಎರಡನೆಯ ಪೆಟ್ಟಿಗೆ ಬರುವ ಮುಂಚೆ ಹೋಗಲು ಬೇರೆ ಜಾಗವಿರಲಿಲ್ಲವಾದ್ದರಿಂದ ಅದು ನಿಧಾನವಾದರೂ ಕಡಿಯದೆ ಇದ್ದಲ್ಲೇ ಹೇಗೋ ಹಿಡಿದುಕೊಂಡಿರುತ್ತಿತ್ತು. ಕಂಪನಿಯವನು ನೋಡಿದಾಗ ಫ್ರಿಜ್ ತೆಗೆಯಲು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಐಲಿ ಹಾಲಿನ ಡಬ್ಬ ಹಿಡಿದು ಅಲ್ಲೇ ನಿಂತಿದ್ದರು. "ಒಂಬತ್ತಕ್ಕೆ ನನ್ನ ಇನ್ಸುಲಿನ್. ಎರಡು ಸಲವೂ ಅದನ್ನ ತೆಗೆಯೋಕೆ ಹೋಗಿದ್ದೆ. ಅಂದ್ರೆ ಜೋಡೀನ ನಾನೇ ಫೇಲ್ ಮಾಡಿಸಿದ್ನಾ?"

"ನೀವಲ್ಲ" ಎಂದರು ಲೋರ್ನಾ. "ಫ್ರಿಜ್ ಬಾಗಿಲು ಇರೋದು ತೆಗೆಯೋಕೇ."

ಎರಡನೆಯ ಪೆಟ್ಟಿಗೆಯ ವಯರು ಕಿತ್ತರು. ಸಿಗ್ನಲ್ ಕುಂದಿದೊಡನೆ ಬೇರೆಯದನ್ನು ಹುಡುಕುವ ಲ್ಯಾಪ್‌ಟಾಪಿನ ಆತುರವನ್ನು ಸೆಟ್ಟಿಂಗ್‌ನಲ್ಲಿ ತೀರಾ ಕೆಳಗಿಳಿಸಿದರು. ಆಮೇಲೆ ಐಲಿ ಇಪ್ಪತ್ತು ಸಲ ಬಾಗಿಲು ತೆಗೆದು ಮುಚ್ಚಿದರು. ಒಂದು ಸಲವೂ ಕಡಿಯಲಿಲ್ಲ.

ಇದಾಗಿ ಎರಡು ತಿಂಗಳು. ಜೋಡಿ ಪಾಸಾಗಿದ್ದಾರೆ. ಆದರೆ ಕೆಲಸದ ಅರ್ಜಿಯಲ್ಲೊಂದು ಪ್ರಶ್ನೆಯಿದೆ: ನಿಮ್ಮ ಮೇಲೆ ಎಂದಾದರೂ ನಕಲಿನ ಶಂಕೆ ಬಂದಿತ್ತೇ? ಬಂದಿತ್ತು ಎಂದೇ ಜೋಡಿ ಬರೆಯಬೇಕು. ಹಾಗೆ ಬರೆದ ಎರಡು ಅರ್ಜಿಗಳು ವಾಪಸ್ ಬಂದಿವೆ. ಅವರು ಇನ್ನೂ ಪಾತ್ರೆ ತೊಳೆಯುತ್ತಿದ್ದಾರೆ.

ಲೋರ್ನಾ ಆ ಬೆಳಗಿನ ಹಾಳೆಯನ್ನೂ ಒಂದು ಪತ್ರವನ್ನೂ ಪರೀಕ್ಷಾ ಸಂಸ್ಥೆಗೆ ಕಳಿಸಿದರು. ನಿಮಗೆ ತಾಂತ್ರಿಕ ಅರ್ಹತೆ ಇಲ್ಲ ಎಂದು ಉತ್ತರ ಬಂತು. ಇಪ್ಪತ್ತಾರು ವರ್ಷ ಕಂಬದ ಮೇಲಿದ್ದವರಿಗೆ ಈ ಮಾತು! ಅವರು ಮತ್ತೆ ಬರೆದರು. ಈಗ ಬರೆಯುತ್ತಿರುವುದು ನಾಲ್ಕನೆಯ ಪತ್ರ.

ಇದರಿಂದ ನಿಮಗೇನು ಬೇಕು ಎಂದು ಕೇಳಿದೆ. ಅವರು ಕಾಗದದಿಂದ ಕಣ್ಣು ತೆಗೆಯಲಿಲ್ಲ.

"ನನಗೇನು ಬೇಕು? ಜೋಡಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅದನ್ನ ಆ ಸಂಸ್ಥೆಯವರು ತಮ್ಮ ಕಾಗದದಲ್ಲೇ ಬರೆದು ಕೊಡ್ಲಿ. ಕೊಡೋವರೆಗೂ ನಾನೂ ಎದ್ದು ಹೋಗಲ್ಲ."